ಕಂದು ಗೆರೆಗಳ ಮೇಲೆ ಎರಡನೇ ಗೇರು

ತೀರ್ಥಹಳ್ಳಿಯಿಂದ ಉಡುಪಿಗೆ ಹೊರಟ ಹಳೆಯ ಪದ್ಮಿನಿ ಕಾರಿನ ಬ್ರೇಕು ಗಟ್ಟಿಯಾಗಿರಬೇಕು. ಅದೇ ಕಾರು ಉಡುಪಿಯಿಂದ ತೀರ್ಥಹಳ್ಳಿಗೆ ಹೊರಟರೆ ರೇಡಿಯೇಟರ್ ಗಟ್ಟಿಯಾಗಿರಬೇಕು. ರಸ್ತೆ ಒಂದೇ, ನಡುವಿನ ಆಗುಂಬೆ ಘಟ್ಟವೂ ಒಂದೇ. ಹೊರಡುವ ಮುನ್ನ ಬಾನೆಟ್ ಎತ್ತಿ ನೋಡಬೇಕೋ ಚಕ್ರ ಬಿಚ್ಚಿ ನೋಡಬೇಕೋ ಎಂಬುದು ಹೋಗುವ ದಿಕ್ಕಿನ ಮೇಲೆ ನಿಂತಿದೆ. ಅದನ್ನು ತಿಳಿಯಲು ಕಾರಿನ ಕೈಪಿಡಿಗಿಂತ ಸರ್ವೆ ಆಫ್ ಇಂಡಿಯಾದ ಟೊಪೊಶೀಟ್, ಅಂದರೆ ನೆಲದ ಏರಿಳಿತ ತೋರಿಸುವ ನಕ್ಷೆ, ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಈ ಸೀಮೆಯ ನಕ್ಷೆಯ ಹಳೆಯ ಸಂಖ್ಯೆ 48 ಓ. ಪೂರ್ವ ರೇಖಾಂಶ 75ರಿಂದ 76, ಉತ್ತರ ಅಕ್ಷಾಂಶ 13ರಿಂದ 14 ಡಿಗ್ರಿಗಳ ನಡುವಿನ ನೆಲವೆಲ್ಲ ಇದರೊಳಗೆ ಬರುತ್ತದೆ. ಈ ಚೌಕವನ್ನು ಹದಿನಾರು ಹಾಳೆಗಳಾಗಿ ಒಡೆದು 1:50,000 ಪ್ರಮಾಣದಲ್ಲಿ ಅಚ್ಚು ಹಾಕಿದ್ದಾರೆ. ಅಂದರೆ ನೆಲದ ಮೇಲಿನ ಒಂದು ಕಿಲೋಮೀಟರ್ ಕಾಗದದ ಮೇಲೆ ಎರಡು ಸೆಂಟಿಮೀಟರ್. ತೀರ್ಥಹಳ್ಳಿಯಿಂದ ಆಗುಂಬೆಯವರೆಗೆ ಬೆರಳು ಸರಿಸಿಕೊಂಡು ಹೋದರೆ ಕಂದು ಬಣ್ಣದ ಗೆರೆಗಳು ಸಡಿಲವಾಗಿ ಅಲೆಯುತ್ತಿರುತ್ತವೆ, ಅಲ್ಲಲ್ಲಿ ಗುಡ್ಡಗಳ ಸಣ್ಣ ಬಳೆಗಳು. ತೀರ್ಥಹಳ್ಳಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಆಗುಂಬೆ ಸುಮಾರು 640. ಮೂವತ್ತಕ್ಕೂ ಹೆಚ್ಚು ಕಿಲೋಮೀಟರ್ ಸಾಗಿದ ಮೇಲೂ ಕಾರು ಒಟ್ಟಾರೆ ಏರಿದ್ದು ಒಂದು ತೆಂಗಿನ ಮರದ ಮೇಲೆ ಇನ್ನೊಂದು ನಿಲ್ಲಿಸಿದಷ್ಟು. ಆಗುಂಬೆಯ ಪಶ್ಚಿಮಕ್ಕೆ ಬೆರಳು ದಾಟಿತೋ, ಗೆರೆಗಳು ಒತ್ತೊತ್ತಾಗಿ ಬಂದು ಒಂದನ್ನೊಂದು ಮುಟ್ಟುವಂತಾಗುತ್ತವೆ. ಬುಡದ ಸೋಮೇಶ್ವರ ಬರುವಷ್ಟರಲ್ಲಿ ಅವು ಮತ್ತೆ ಬಿಡಿಬಿಡಿಯಾಗಿ ಕರಾವಳಿಯ ಕಡೆ ಹರಡಿಕೊಳ್ಳುತ್ತವೆ.

ಸಹ್ಯಾದ್ರಿ ಎಂದರೆ ಎರಡೂ ಬದಿಗೆ ಇಳಿಜಾರಿರುವ ಬೆಟ್ಟಸಾಲು ಎಂದು ನಾವು ಶಾಲೆಯ ಚಿತ್ರಗಳಿಂದ ಅಂದುಕೊಂಡಿರುತ್ತೇವೆ. ಈ ಗೆರೆಗಳು ಬೇರೆಯೇ ಸಂಗತಿ ಹೇಳುತ್ತವೆ. ಇಲ್ಲಿ ಸಹ್ಯಾದ್ರಿ ಪ್ರಸ್ಥಭೂಮಿಯ ಮುರಿದ ಅಂಚು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ಪಶ್ಚಿಮ ತೀರದಿಂದ ಬೇರ್ಪಟ್ಟಿತು. ಮಲ್ಪೆಯ ಎದುರಿಗಿರುವ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳು ಆ ಬಿರುಕಿನ ಕಾಲದ ಜ್ವಾಲಾಮುಖಿಯ ಉಳಿಕೆ. ಹಾಗೆ ಹುಟ್ಟಿದ ಅಂಚನ್ನು ಮಳೆ ಮತ್ತು ತೊರೆಗಳು ಕೊರೆಯುತ್ತಾ ಪೂರ್ವಕ್ಕೆ ಸರಿಸಿ ಇಂದಿನ ಘಟ್ಟವನ್ನು ಮಾಡಿವೆ. ಹೀಗಾಗಿ ತೀರ್ಥಹಳ್ಳಿಯ ತುಂಗೆ ನಿಧಾನವಾಗಿ ಸಾಗಿ ಕೊನೆಗೆ ಬಂಗಾಳ ಕೊಲ್ಲಿಯನ್ನು ಸೇರುತ್ತದೆ, ಆಗುಂಬೆಯ ಪಕ್ಕದ ಸೀತಾನದಿ ಧುಮ್ಮಿಕ್ಕಿ ಹತ್ತಿರದ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಮೇಲಿನಿಂದ ಬರುವ ಕಾರಿಗೆ ಏರು ಇಲ್ಲವೇ ಇಲ್ಲ ಎನ್ನಬಹುದು, ಬರೀ ಇಳಿತ. ಕೆಳಗಿನಿಂದ ಬರುವ ಕಾರು ಇಡೀ ಎತ್ತರವನ್ನು ಒಂದೇ ಉಸಿರಿಗೆ ಏರಬೇಕು.

ಈ ಕಂದು ಗೆರೆಗಳ ಹೆಸರು ಸಮೋನ್ನತಿ ರೇಖೆ. ಹಾಗೆಂದರೇನು ಎಂಬುದನ್ನು ಕಣ್ಣಾರೆ ನೋಡಬೇಕಾದರೆ ಬೇಸಿಗೆಯಲ್ಲಿ ಶರಾವತಿಯ ಹಿನ್ನೀರಿಗೆ ಹೋಗಬೇಕು. ಲಿಂಗನಮಕ್ಕಿ ಜಲಾಶಯದ ಗರಿಷ್ಠ ಮಟ್ಟ 1,819 ಅಡಿ. ತುಂಬಿ ನಿಂತ ದಿನ ನೀರಿನ ಅಂಚು ಸಾಗರ, ಹೊಸನಗರ ಸೀಮೆಯ ಪ್ರತಿ ಗುಡ್ಡದ ಮೈಮೇಲೆ, ಪ್ರತಿ ಕಣಿವೆಯ ಒಳಗೆ ಹೊಕ್ಕು ಹೊರಬಂದು 1,819 ಅಡಿಯ ಗೆರೆಯನ್ನು ತಾನೇ ಎಳೆದಿರುತ್ತದೆ. ನೀರು ಇಳಿದಂತೆ ದಡದ ಕೆಂಪು ಮಣ್ಣಿನ ಮೇಲೆ ಒಂದರ ಕೆಳಗೊಂದು ಗುರುತುಗಳು ಉಳಿಯುತ್ತವೆ. ದಡ ಕಡಿದಾಗಿದ್ದಲ್ಲಿ ಆ ಗುರುತುಗಳು ಹತ್ತಿರ ಹತ್ತಿರ, ಸಪಾಟಾಗಿದ್ದಲ್ಲಿ ದೂರ ದೂರ. ನಕ್ಷೆ ಓದುವ ವಿದ್ಯೆಯ ಮುಕ್ಕಾಲು ಪಾಲು ಇಷ್ಟೇ. ಟೊಪೊಶೀಟಿನಲ್ಲಿ ಪ್ರತಿ 20 ಮೀಟರ್ ಎತ್ತರಕ್ಕೊಂದು ಗೆರೆ, ಪ್ರತಿ ಐದನೆಯದು ದಪ್ಪ. ದಪ್ಪ ಗೆರೆಯಿಂದ ದಪ್ಪ ಗೆರೆಗೆ ದಾಟಿದರೆ 100 ಮೀಟರ್ ಏರಿದಿರಿ ಅಥವಾ ಇಳಿದಿರಿ.

ಆಗುಂಬೆಯ ಎತ್ತರ ಯಾವುದರಿಂದ 640 ಮೀಟರ್? ಸಮುದ್ರಮಟ್ಟದಿಂದ ಎಂದರೆ ಸಾಲದು, ಸಮುದ್ರ ದಿನಕ್ಕೆರಡು ಬಾರಿ ಉಬ್ಬಿ ಇಳಿಯುತ್ತದೆ. ವರ್ಷಗಟ್ಟಲೆ ಬಂದರುಗಳಲ್ಲಿ ಉಬ್ಬರವಿಳಿತ ಅಳೆದು, ಅದರ ಸರಾಸರಿ ತೆಗೆದು, ಅಲ್ಲಿಂದ ಒಳನಾಡಿಗೆ ಮಟ್ಟ ಹಿಡಿಯುತ್ತಾ ಬರಬೇಕು. ಭಾರತದ ಎತ್ತರಗಳಿಗೆ ಆಧಾರವಾದ 1909ರ ಲೆಕ್ಕದಲ್ಲಿ ಒಂಬತ್ತು ಬಂದರುಗಳನ್ನು ಸೊನ್ನೆ ಎಂದು ಹಿಡಿದರು. ಅವುಗಳಲ್ಲಿ ನಮ್ಮ ಕಾರವಾರವೂ ಒಂದು. ಘಟ್ಟದ ನೆತ್ತಿಯ ಕಲ್ಲಿನ ಮೇಲೆ ಕೆತ್ತಿದ ಅಂಕಿಗೂ ಕಾರವಾರದ ಕಡಲ ಅಲೆಗೂ ಹೀಗೊಂದು ನೇರ ನಂಟಿದೆ.

ಈ ಗೆರೆಗಳು ಮೊದಲು ಹುಟ್ಟಿದ್ದು ನೀರಿನಡಿಯ ಆಳವನ್ನು ತೋರಿಸಲು. ಡಚ್ಚರ ನದಿನಕ್ಷೆಗಳಲ್ಲಿ ಸಮಾನ ಆಳದ ಬಿಂದುಗಳನ್ನು ಜೋಡಿಸುವ ರೂಢಿ ಮೊದಲೇ ಇತ್ತು. ಬೆಟ್ಟಕ್ಕೆ ಅದನ್ನು ಹತ್ತಿಸಿದ ಕತೆ ಮಾತ್ರ ನನಗೆ ಬಹಳ ಇಷ್ಟವಾದದ್ದು, ಏಕೆಂದರೆ ಅಲ್ಲಿ ಯಾರಿಗೂ ದಾರಿ ಹುಡುಕುವ ಉದ್ದೇಶವಿರಲಿಲ್ಲ. 1774ರಲ್ಲಿ ಇಂಗ್ಲೆಂಡಿನ ಖಗೋಳಜ್ಞ ನೆವಿಲ್ ಮ್ಯಾಸ್ಕಲಿನ್ ಸ್ಕಾಟ್ಲೆಂಡಿನ ಶಿಹ್ಯಾಲಿಯನ್ ಬೆಟ್ಟದ ಎರಡು ಪಕ್ಕಗಳಲ್ಲಿ ತೂಗುಗುಂಡು ಇಳಿಬಿಟ್ಟು, ಬೆಟ್ಟದ ಗುರುತ್ವ ಅದನ್ನು ತನ್ನ ಕಡೆಗೆ ಎಷ್ಟು ಸೆಳೆಯುತ್ತದೆ ಎಂದು ನಕ್ಷತ್ರಗಳ ನೆರವಿನಿಂದ ಅಳೆದ. ಸೆಳೆತ ತೀರಾ ಸಣ್ಣದು, ಎರಡೂ ಬದಿ ಸೇರಿ ಡಿಗ್ರಿಯ ಮುನ್ನೂರನೇ ಒಂದು ಭಾಗದಷ್ಟು. ಅದರಿಂದ ಇಡೀ ಭೂಮಿಯನ್ನು ತೂಗಬಹುದಿತ್ತು, ಆದರೆ ಮೊದಲು ಬೆಟ್ಟದ ತೂಕ ಗೊತ್ತಾಗಬೇಕಲ್ಲ. ಬೆಟ್ಟದ ಆಕಾರ ಲೆಕ್ಕ ಹಾಕುವ ಹೊಣೆ ಗಣಿತಜ್ಞ ಚಾರ್ಲ್ಸ್ ಹಟ್ಟನ್ ಮೇಲೆ ಬಿತ್ತು. ಕಾಗದದ ತುಂಬ ಚೆಲ್ಲಿದ್ದ ಎತ್ತರದ ಅಂಕಿಗಳಲ್ಲಿ ಸಮಾನವಾದವುಗಳನ್ನು ಆತ ಒಂದು ತೆಳು ಗೆರೆಯಿಂದ ಸೇರಿಸಿದ. ಬೆಟ್ಟದ ಆಕಾರ ಥಟ್ಟನೆ ಕಣ್ಣಿಗೆ ಬಂತು. 1778ರಲ್ಲಿ ಆತ ಕೊಟ್ಟ ಉತ್ತರ: ಭೂಮಿಯ ಸರಾಸರಿ ಸಾಂದ್ರತೆ ನೀರಿನ ನಾಲ್ಕೂವರೆ ಪಟ್ಟು. ಇಂದಿನ ಅಳತೆ ಐದೂವರೆ ಪಟ್ಟು. ಒಂದು ಬೆಟ್ಟ, ಒಂದು ದಾರ, ಕೆಲವು ಗೆರೆಗಳಿಂದ ಅಷ್ಟು ಹತ್ತಿರ ಹೋದದ್ದು ವಿಜ್ಞಾನದ ದೊಡ್ಡ ಸಾಹಸಗಳಲ್ಲೊಂದು.

ಈಗ ಸ್ಕೇಲ್ ಹಿಡಿದು ಆಗುಂಬೆಯ ಗೆರೆಗಳಿಗೆ ಬರೋಣ. ಒಂದು ಸೆಂಟಿಮೀಟರಿನಲ್ಲಿ ಹತ್ತು ಗೆರೆ ಎಣಿಸಿದಿರಿ ಎಂದಿಟ್ಟುಕೊಳ್ಳಿ. ಗೆರೆಗೆ ಗೆರೆಗೆ ಒಂದು ಮಿಲಿಮೀಟರ್, ನೆಲದ ಮೇಲೆ 50 ಮೀಟರ್. ಅಷ್ಟು ದೂರಕ್ಕೆ 20 ಮೀಟರ್ ಏರು, ಅಂದರೆ ನೂರಕ್ಕೆ ನಲವತ್ತು. ಇಂಥ ಇಳಿಜಾರಿನಲ್ಲಿ ನೆಟ್ಟಗೆ ರಸ್ತೆ ಹಾಕಿದರೆ, ನಾಲ್ಕು ಜನ ಕುಳಿತ 1,200 ಕಿಲೋ ತೂಕದ ಕಾರನ್ನು ಹಿಂದಕ್ಕೆ ಜಾರದಂತೆ ಹಿಡಿಯಲು 445 ಕಿಲೋ ತೂಕದಷ್ಟು ಬಲ ಬೇಕು. ರಸ್ತೆ ಕಟ್ಟುವವರು ಅದನ್ನು ನೂರಕ್ಕೆ ಐದಕ್ಕೆ, ಅಂದರೆ 20ರಲ್ಲಿ 1ಕ್ಕೆ ಇಳಿಸುತ್ತಾರೆ. ಆಗ 60 ಕಿಲೋ ತೂಕದಷ್ಟು ಬಲ ಸಾಕು. ಬೆಟ್ಟದ ಎತ್ತರ ಮಾತ್ರ ಇದ್ದಷ್ಟೇ ಇದೆ. ಬಲದಲ್ಲಿ ಉಳಿಸಿದ್ದನ್ನೆಲ್ಲ ದೂರದಲ್ಲಿ ತೆರಬೇಕು. 20 ಮೀಟರ್ ಏರಲು ರಸ್ತೆ 400 ಮೀಟರ್ ಓಡಬೇಕು, ನಕ್ಷೆಯ ಮೇಲೆ ಅದು ಎಂಟು ಮಿಲಿಮೀಟರ್. ಒಂದೇ ಮಿಲಿಮೀಟರ್ ಅಂತರದ ಎರಡು ಗೆರೆಗಳ ನಡುವೆ ಎಂಟು ಮಿಲಿಮೀಟರ್ ಉದ್ದದ ದಾರಿ ಎಳೆಯಬೇಕಾದರೆ ಅದು ಗೆರೆಗಳ ಜೊತೆಜೊತೆಗೇ ಸುಮಾರು ಏಳು ಡಿಗ್ರಿಯಷ್ಟು ಮಾತ್ರ ಓರೆಯಾಗಿ ಸಾಗಬೇಕು. ಹಾಗೆ ಸಾಗುತ್ತಾ ಹೋದರೆ ರಸ್ತೆ ಹೋಗಬೇಕಾದ ಊರನ್ನು ಬಿಟ್ಟು ಬೆಟ್ಟದ ಪಕ್ಕದಲ್ಲೇ ಎಲ್ಲಿಗೋ ಹೋಗಿಬಿಡುತ್ತದೆ. ಅದಕ್ಕೇ ತಿರುವು. ಆಗುಂಬೆಯ ಹದಿನಾಲ್ಕು ಹೇರ್‌ಪಿನ್ ತಿರುವುಗಳು ಈ ಭಾಗಾಕಾರದಿಂದ ಹುಟ್ಟಿದವು.

ಕಾರಿನ ಗೇರ್‌ಬಾಕ್ಸ್ ಮಾಡುವುದೂ ಇದನ್ನೇ. ಎರಡನೇ ಗೇರಿಗೆ ಹಾಕಿದಾಗ ಎಂಜಿನ್ ಹೆಚ್ಚು ಸುತ್ತು ತಿರುಗುತ್ತದೆ, ಚಕ್ರ ಕಡಿಮೆ ತಿರುಗುತ್ತದೆ, ಆದರೆ ಹೆಚ್ಚು ಬಲದಿಂದ ತಿರುಗುತ್ತದೆ. ದೂರ ಕೊಟ್ಟು ಬಲ ಪಡೆಯುವ ವ್ಯವಹಾರ. ಘಟ್ಟದ ರಸ್ತೆ ಬೆಟ್ಟಕ್ಕೆ ಹಾಕಿದ ಗೇರು. ರಸ್ತೆ ಎಂಜಿನಿಯರ್ ನೂರಕ್ಕೆ ನಲವತ್ತನ್ನು ಐದು ಮಾಡಿ ಏರನ್ನು ಎಂಟನೇ ಒಂದು ಪಾಲಿಗೆ ಇಳಿಸುತ್ತಾನೆ, ಉಳಿದದ್ದನ್ನು ಗೇರ್‌ಬಾಕ್ಸ್ ಇಳಿಸುತ್ತದೆ. ಪದ್ಮಿನಿಗೆ ಈ ನೆರವು ನಿಜಕ್ಕೂ ಬೇಕು. ಇಟಲಿಯ ಫಿಯಟ್ 1100ರ ಅಚ್ಚಿನಲ್ಲಿ ಮುಂಬೈಯ ಕುರ್ಲಾದಲ್ಲಿ ತಯಾರಾದ ಈ ಕಾರಿಗೆ 1,089 ಸಿಸಿಯ ಎಂಜಿನ್, ಸುಮಾರು 40 ಅಶ್ವಶಕ್ತಿ, ಸ್ಟೇರಿಂಗ್ ಪಕ್ಕದ ಹಿಡಿಯಲ್ಲಿ ನಾಲ್ಕು ಗೇರು. ತಿರುವಿನ ಒಳಮೈಯಲ್ಲಿ ಅಷ್ಟೇ ಎತ್ತರವನ್ನು ಕಡಿಮೆ ದೂರದಲ್ಲಿ ಏರಬೇಕಾದ್ದರಿಂದ ಏರು ಅಲ್ಲಿ ಹೆಚ್ಚು ಕಡಿದು. ಇಂದು ರಸ್ತೆ ಕಟ್ಟುವಾಗ ಹೇರ್‌ಪಿನ್ ತಿರುವಿನಲ್ಲಿ ಏರನ್ನು 40ರಲ್ಲಿ 1ಕ್ಕಿಂತ ಹೆಚ್ಚು ಇಡಬಾರದೆಂಬ ನಿಯಮವಿದೆ. ಹಳೆಯ ಘಟ್ಟಗಳು ಆ ನಿಯಮಕ್ಕಿಂತ ಹಿರಿಯವು. ಅದಕ್ಕೆ ತಿರುವು ಬರುವ ಮುನ್ನವೇ ಗೇರು ಇಳಿಸಿಕೊಳ್ಳಬೇಕು, ನಡುತಿರುವಿನಲ್ಲಿ ತಡಕಾಡಬಾರದು.

ಇನ್ನು ಬಿಸಿಯ ಲೆಕ್ಕ. ಘಟ್ಟದ ಏರು 500 ಮೀಟರ್ ಎಂದಿಟ್ಟುಕೊಂಡರೆ, 1,200 ಕಿಲೋವನ್ನು ಅಷ್ಟು ಎತ್ತುವುದಕ್ಕೆ ಸುಮಾರು 59 ಲಕ್ಷ ಜೂಲ್ ಶಕ್ತಿ ಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 320 ಲಕ್ಷ ಜೂಲ್ ಇದೆ, ಆದರೆ ಹಳೆಯ ಎಂಜಿನ್ ಅದರಲ್ಲಿ ಐದನೇ ಒಂದು ಪಾಲನ್ನು ಚಕ್ರಕ್ಕೆ ಮುಟ್ಟಿಸಿದರೆ ಹೆಚ್ಚು. ಎತ್ತರ ಏರುವುದೊಂದಕ್ಕೇ ಮುಕ್ಕಾಲು ಲೀಟರಿಗಿಂತ ಹೆಚ್ಚು ಉರಿದುಹೋಗುತ್ತದೆ. ಉಳಿದ ನಾಲ್ಕು ಪಾಲು ಶಾಖ, ಸೈಲೆನ್ಸರಿನಿಂದ ಹೋಗುವಷ್ಟು ಹೋಗಿ ಮಿಕ್ಕದ್ದರಲ್ಲಿ ಹೆಚ್ಚಿನದನ್ನು ರೇಡಿಯೇಟರ್ ಹೊರಹಾಕಬೇಕು. ಸಮ ರಸ್ತೆಯಲ್ಲಿ ವೇಗವೇ ಅದಕ್ಕೆ ಗಾಳಿ ಒದಗಿಸುತ್ತದೆ. ಘಟ್ಟದಲ್ಲಿ ಕಾರು ಗಂಟೆಗೆ 20, 25 ಕಿಲೋಮೀಟರಿನಲ್ಲಿ ತೆವಳುತ್ತದೆ, ಎಂಜಿನ್ ಮಾತ್ರ ಜೋರಾಗಿ ತಿರುಗುತ್ತಿರುತ್ತದೆ. ಶಾಖ ಹೆಚ್ಚಿದ ಹೊತ್ತಿಗೇ ಗಾಳಿ ಕಡಿಮೆ. ಬೇಸಿಗೆಯ ಮಧ್ಯಾಹ್ನ ಕಡಲಿನಿಂದ ಘಟ್ಟದ ಕಡೆಗೆ ಗಾಳಿ ಬೀಸುತ್ತಿದ್ದರೆ ಅದು ಏರುವ ಕಾರಿನ ಬೆನ್ನಿಗೆ ಬಡಿಯುತ್ತದೆ, ರೇಡಿಯೇಟರಿಗೆ ಸಿಗುವ ಗಾಳಿ ಇನ್ನಷ್ಟು ಇಳಿಯುತ್ತದೆ. ಆಗ ಎಲ್ಲ ಭಾರವೂ ಫ್ಯಾನಿನ ಮೇಲೆ, ಫ್ಯಾನಿನ ಭಾರ ಒಂದು ರಬ್ಬರ್ ಬೆಲ್ಟಿನ ಮೇಲೆ.

ಕರಾವಳಿಯ ಹಳೆಯ ಮೆಕ್ಯಾನಿಕ್‌ಗಳ ಬಳಿ ಗಾಡಿ ಬಾಯ್ಲ್ ಆಗುತ್ತದೆ ಎಂದರೆ ಬಾನೆಟ್ ಎತ್ತುವ ಮೊದಲೇ ಕೇಳುತ್ತಾರೆ: “ಎಲ್ಲಿ ಹೀಟ್ ಆಗುದು ಮಾರಾಯ್ರೆ? ಘಾಟಿ ಹತ್ತುವಾಗಲಾ, ಸಮ ರಸ್ತೆಯಲ್ಲಾ?” ಈ ಪ್ರಶ್ನೆಯಲ್ಲಿ ಅರ್ಧ ರಿಪೇರಿ ಮುಗಿದಿರುತ್ತದೆ. ನಿಧಾನವಾಗಿ ಏರುವಾಗ ಮಾತ್ರ ಬಿಸಿಯಾದರೆ ಗಾಳಿಯ ಕೊರತೆ. ಬೆಲ್ಟ್ ಸಡಿಲವೇ, ರೇಡಿಯೇಟರಿನ ಜಾಲರಿಯಲ್ಲಿ ಹುಳ ಕಸ ತುಂಬಿದೆಯೇ ಎಂದು ನೋಡಬೇಕು. ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಒಂದೂವರೆ ಸೆಂಟಿಮೀಟರಿಗಿಂತ ಹೆಚ್ಚು ತಗ್ಗಬಾರದು. ಸಮ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಬಿಸಿಯಾದರೆ ಗಾಳಿ ಬೇಕಾದಷ್ಟಿದೆ, ಒಳಗಿನ ನೀರು ಓಡುತ್ತಿಲ್ಲ. ರೇಡಿಯೇಟರಿನ ಕೊಳವೆಗಳು ಕಟ್ಟಿಕೊಂಡಿರಬಹುದು, ಕೆಳಗಿನ ಹೋಸ್ ಮೆತ್ತಗಾಗಿ ಪಂಪು ಎಳೆದಾಗ ಚಪ್ಪಟೆಯಾಗುತ್ತಿರಬಹುದು. ಹೊರಟ ಕೆಲವೇ ನಿಮಿಷಕ್ಕೆ, ಏರಿಲ್ಲ ಇಳಿವಿಲ್ಲ, ಮುಳ್ಳು ಮೇಲೆ ಹೋದರೆ, ಎಂಜಿನ್ ಕಾಯುವವರೆಗೆ ನೀರನ್ನು ತಡೆಯುವ ಥರ್ಮೋಸ್ಟಾಟ್ ಮುಚ್ಚಿಕೊಂಡು ಕೂತಿದೆ ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿದೆ. ಕಾಯಿಲೆ ಯಾವ ಇಳಿಜಾರಿನಲ್ಲಿ ಕಾಣಿಸಿತು ಎಂಬುದೇ ಕಾಯಿಲೆಯ ಹೆಸರು ಹೇಳುತ್ತದೆ.

ಥರ್ಮೋಸ್ಟಾಟನ್ನು ಕಿತ್ತೆಸೆದು “ನಮ್ಮ ದೇಶದ ಬಿಸಿಲಿಗೆ ಇದು ಬೇಡ” ಎನ್ನುವವರು ಬಹಳ ಮಂದಿ. ಅದು ತಪ್ಪು. ಎಂಜಿನ್ ತನ್ನ ಹದವಾದ ಬಿಸಿಗೆ ಬರುವವರೆಗೂ ಪೆಟ್ರೋಲ್ ಸರಿಯಾಗಿ ಆವಿಯಾಗದೆ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಹಾಕುತ್ತದೆ, ಸವೆತ ಹೆಚ್ಚುತ್ತದೆ. ಬೇಕಿದ್ದರೆ ಅದನ್ನು ಬಿಚ್ಚಿ ಪಾತ್ರೆಯ ನೀರಿನಲ್ಲಿ ಇಟ್ಟು ಕಾಯಿಸಿ ನೋಡಬಹುದು. ನೀರು 80 ಡಿಗ್ರಿಯ ಆಸುಪಾಸಿಗೆ ಬಂದಾಗ ತೆರೆದುಕೊಂಡರೆ ಅದರಲ್ಲಿ ದೋಷವಿಲ್ಲ.

ರೇಡಿಯೇಟರಿಗೆ ಯಾವ ನೀರು ಹಾಕುತ್ತೀರಿ ಎಂಬುದಕ್ಕೂ ಊರಿನ ಭೂಗೋಳಕ್ಕೂ ಸಂಬಂಧವಿದೆ. ಬಯಲುಸೀಮೆಯ ಬೋರ್‌ವೆಲ್ ನೀರಿನಲ್ಲಿ ಸುಣ್ಣದಂಶ ಹೆಚ್ಚು. ಕಾದಾಗ ಅದು ಕೊಳವೆಯ ಒಳಗೋಡೆಗೆ ಗಟ್ಟಿಯಾಗಿ ಅಂಟುತ್ತದೆ. ಆ ಪದರ ಹಿತ್ತಾಳೆಗಿಂತ ಬಹಳ ಕಡಿಮೆ ಶಾಖ ದಾಟಿಸುತ್ತದೆ. ಕೋಲಾರದಲ್ಲೋ ಚಿತ್ರದುರ್ಗದಲ್ಲೋ ವರ್ಷಗಟ್ಟಲೆ ತೊಂದರೆಯಿಲ್ಲದೆ ಓಡಿದ ಕಾರು ಮೊದಲ ಬಾರಿ ಘಟ್ಟ ಹತ್ತುವಾಗ ಕುದಿಯುವುದಕ್ಕೆ ಇದು ಸಾಮಾನ್ಯ ಕಾರಣ. ರೇಡಿಯೇಟರಿನ ಮುಚ್ಚಳವನ್ನೂ ಕಡೆಗಣಿಸಬಾರದು. ಅದು ಒಳಗೆ ಅರ್ಧ ಬಾರ್‌ನಷ್ಟು ಹೆಚ್ಚಿನ ಒತ್ತಡ ಹಿಡಿದರೆ ನೀರು ಕುದಿಯುವುದು 111 ಡಿಗ್ರಿಯ ಹತ್ತಿರ. ಅದರ ರಬ್ಬರ್ ಸವೆದಿದ್ದರೆ ಒತ್ತಡ ನಿಲ್ಲುವುದಿಲ್ಲ. ಆಗ ಸಮುದ್ರಮಟ್ಟದಲ್ಲಿ 100ಕ್ಕೆ ಕುದಿಯುವ ನೀರು, ಪ್ರತಿ 300 ಮೀಟರ್ ಏರಿದಂತೆ ಸುಮಾರು ಒಂದೊಂದು ಡಿಗ್ರಿ ಮೊದಲೇ ಕುದಿಯುತ್ತದೆ. ಇದೇ ಒತ್ತಡದಿಂದಾಗಿ ಬಿಸಿ ರೇಡಿಯೇಟರಿನ ಮುಚ್ಚಳ ತೆಗೆಯುವುದು ಅಪಾಯ: ಬಿಗಿ ಸಡಿಲಿದ ಕ್ಷಣದಲ್ಲಿ 111 ಡಿಗ್ರಿಯ ನೀರು ಆವಿಯಾಗಿ ಮುಖಕ್ಕೆ ಎರಚುತ್ತದೆ.

ಘಟ್ಟದ ನಡುವೆ ಕಾರು ಕೆಮ್ಮಿ ಕೆಮ್ಮಿ ನಿಂತು, ಅರ್ಧ ಗಂಟೆ ಬಿಟ್ಟರೆ ತಾನಾಗಿ ಸ್ಟಾರ್ಟ್ ಆಗುವುದು ಇನ್ನೊಂದು ಹಳೆಯ ರೋಗ. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿಯ ಹತ್ತಿರದಲ್ಲೇ ಆವಿಯಾಗತೊಡಗುತ್ತವೆ. ಪೆಟ್ರೋಲ್ ಪಂಪು ಕೂತಿರುವುದು ಬಿಸಿ ಎಂಜಿನ್ನಿನ ಮೈಮೇಲೆಯೇ. ಅದು ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಎಳೆಯುವಾಗ ಕೊಳವೆಯೊಳಗಿನ ಒತ್ತಡ ತಗ್ಗುತ್ತದೆ, ಒತ್ತಡ ತಗ್ಗಿದಲ್ಲಿ ಕುದಿಯುವುದು ಸಲೀಸು. ಏರಿನಲ್ಲಿ ಮೂತಿ ಮೇಲಾಗುವುದರಿಂದ ಪಂಪು ಸಮ ರಸ್ತೆಯಲ್ಲಿಗಿಂತ ಹತ್ತಿಪ್ಪತ್ತು ಸೆಂಟಿಮೀಟರ್ ಹೆಚ್ಚು ಮೇಲಕ್ಕೆ ಎಳೆಯಬೇಕು. ಈ ಹೆಚ್ಚಳ ಸಣ್ಣದೇ. ಕುದಿಯುವ ಅಂಚಿನಲ್ಲಿರುವ ಪೆಟ್ರೋಲಿಗೆ ಅಷ್ಟು ಸಾಕು. ಆವಿಯ ಗುಳ್ಳೆ ಸೇರಿಕೊಂಡ ಪಂಪು ಗುಳ್ಳೆಯನ್ನೇ ಹಿಂಡುತ್ತಾ ಹಿಗ್ಗಿಸುತ್ತಾ ಇರುತ್ತದೆ, ಕಾರ್ಬ್ಯುರೇಟರಿಗೆ ಹನಿ ಪೆಟ್ರೋಲೂ ಬರುವುದಿಲ್ಲ. ಡ್ರೈವರುಗಳು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವುದು ಶುದ್ಧ ವಿಜ್ಞಾನ: ಬಟ್ಟೆಯ ನೀರು ಆರುವಾಗ ಪಂಪಿನ ಶಾಖವನ್ನು ಹೊತ್ತೊಯ್ಯುತ್ತದೆ, ಒಳಗಿನ ಆವಿ ಮತ್ತೆ ದ್ರವವಾಗುತ್ತದೆ.

ಎತ್ತರಕ್ಕೆ ಗಾಳಿ ತೆಳುವಾಗುವುದು ಆಗುಂಬೆಯಲ್ಲಿ ಅಷ್ಟೇನೂ ಕಾಡುವುದಿಲ್ಲ. ಅಲ್ಲಿ ಇಳಿಕೆ ನೂರಕ್ಕೆ ಆರರಷ್ಟು. ಮುಳ್ಳಯ್ಯನಗಿರಿಯ ಕಡೆ 1,900 ಮೀಟರ್ ದಾಟಿದರೆ ನೂರಕ್ಕೆ ಹದಿನೇಳರಷ್ಟಾಗುತ್ತದೆ. ಕಾರ್ಬ್ಯುರೇಟರಿಗೆ ಅದು ತಿಳಿಯದೆ ಹೆಚ್ಚು ಪೆಟ್ರೋಲ್ ಕೊಡುತ್ತದೆ, ಹೊಗೆ ಕಪ್ಪಾಗುತ್ತದೆ, ಪ್ಲಗ್ಗಿನ ತುದಿಗೆ ಮಸಿ ಹಿಡಿಯುತ್ತದೆ.

ಮಳೆಗಾಲದ ಮಾತು ಬೇರೆ. ಆಗುಂಬೆಗೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ನಕ್ಷೆಯಲ್ಲಿ ಗೆರೆಗಳು ಇಂಗ್ಲಿಷಿನ ‘ವಿ’ ಅಕ್ಷರದಂತೆ ಮಡಚಿ ಚೂಪು ತುದಿ ಎತ್ತರದ ಕಡೆಗಿದ್ದರೆ ಅದು ಕಣಿವೆ, ತಗ್ಗಿನ ಕಡೆಗಿದ್ದರೆ ಏಣು. ರಸ್ತೆ ಕಣಿವೆಯ ‘ವಿ’ಯನ್ನು ದಾಟುವಲ್ಲೆಲ್ಲ ಮೇಲಿನಿಂದ ನೀರು ಬರುತ್ತದೆ, ಮೋರಿ ಕಟ್ಟಿಕೊಂಡರೆ ರಸ್ತೆಯ ಮೇಲೇ ಬರುತ್ತದೆ. ಡಿಸ್ಟ್ರಿಬ್ಯೂಟರ್ ಕ್ಯಾಪಿನಲ್ಲಿ ಕೂದಲೆಳೆಯ ಬಿರುಕಿದ್ದರೂ ತೇವ ಒಳಹೊಕ್ಕು ಕಿಡಿ ದಾರಿ ತಪ್ಪುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಅಂದಿನ ಮಟ್ಟಿಗೆ ನಡೆಯುತ್ತದೆ, ಹೊಸ ಕ್ಯಾಪ್ ಹಾಕಿಸುವುದೇ ಸರಿಯಾದ ದಾರಿ.

ಇಳಿಯುವಾಗ ಲೆಕ್ಕ ತಿರುಗುತ್ತದೆ. ಏರುವಾಗ ಕೂಡಿಟ್ಟ 59 ಲಕ್ಷ ಜೂಲನ್ನು ಎಲ್ಲಿಯಾದರೂ ಖರ್ಚು ಮಾಡಲೇಬೇಕು. ಬರೀ ಬ್ರೇಕಿನಿಂದ ಇಳಿದರೆ ಅಷ್ಟೂ ಶಾಖ ನಾಲ್ಕು ಡ್ರಮ್ಮುಗಳಿಗೆ ಸೇರುತ್ತದೆ, ಇಪ್ಪತ್ತು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ. ಡ್ರಮ್ಮು ಬಿಸಿಯಾಗಿ ಹಿಗ್ಗಿದಾಗ ಒಳಗಿನ ಬ್ರೇಕ್ ಶೂಗಳಿಂದ ದೂರ ಸರಿಯುತ್ತದೆ, ಪೆಡಲನ್ನು ಇನ್ನೂ ಒಳಕ್ಕೆ ಒತ್ತಬೇಕಾಗುತ್ತದೆ. ಲೈನಿಂಗಿನ ಅಂಟು ಕಾದು ಅನಿಲ ಬಿಡುತ್ತದೆ, ಹಿಡಿತ ಜಾರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಬ್ರೇಕ್ ಆಯಿಲ್ ಕುದಿಯುವುದು. ಡಾಟ್ 3 ದರ್ಜೆಯ ಹೊಸ ಆಯಿಲ್ 205 ಡಿಗ್ರಿಯವರೆಗೆ ಕುದಿಯದೆ ನಿಲ್ಲಬೇಕು. ಆದರೆ ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದು. ನೀರು ಸೇರಿದ ಆಯಿಲಿಗೆ ಅದೇ ಮಾನದಂಡ ಕೇಳುವುದು 140 ಡಿಗ್ರಿ ಮಾತ್ರ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಪೈಪಿನೊಳಗೆ ಒಂದು ಗುಳ್ಳೆ ಎದ್ದರೂ ಪೆಡಲು ನೆಲಕ್ಕೆ ತಾಗುತ್ತದೆ, ಕಾರು ಓಡುತ್ತಲೇ ಇರುತ್ತದೆ. ಮಲೆನಾಡಿನ, ಕರಾವಳಿಯ ತೇವದಲ್ಲಿ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ ಬ್ಲೀಡ್ ಮಾಡಿಸಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಅದರ ಖರ್ಚು ಒಂದು ಟೈರಿನ ಬೆಲೆಗಿಂತ ಬಹಳ ಕಡಿಮೆ.

ಇಳಿತದ ಶಕ್ತಿಯನ್ನು ಕಳೆಯಲು ಉಳಿದ ದಾರಿ ಎಂಜಿನ್ನಿನ ಮೂಲಕ. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬ ಹಳೆಯ ಡ್ರೈವರುಗಳ ನಿಯಮದ ಹಿಂದೆ ಗಟ್ಟಿ ಕಾರಣವಿದೆ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಎಂಜಿನ್ ಮುಚ್ಚಿದ ಬಾಯಿಯಿಂದ ಗಾಳಿ ಎಳೆಯಲು ಹೆಣಗುತ್ತದೆ, ಆ ಹೆಣಗಾಟಕ್ಕೆ ಬೇಕಾದ ಶಕ್ತಿಯನ್ನು ಚಕ್ರಗಳಿಂದ ಕೀಳುತ್ತದೆ. ಎರಡನೇ ಗೇರಿನಲ್ಲಿ ಅದು ನಿಮಿಷಕ್ಕೆ ಹೆಚ್ಚು ಸಲ ಹೆಣಗುತ್ತದೆ, ಹೆಚ್ಚು ತಡೆಯುತ್ತದೆ. ಬ್ರೇಕು ತಿರುವುಗಳಿಗಷ್ಟೇ ಉಳಿಯುತ್ತದೆ. ನ್ಯೂಟ್ರಲ್ ಮಾಡಿ, ಎಂಜಿನ್ ಆಫ್ ಮಾಡಿ ಪೆಟ್ರೋಲ್ ಉಳಿಸಿದೆ ಎನ್ನುವವರು ಆ 59 ಲಕ್ಷ ಜೂಲಿಗೆ ಡ್ರಮ್ಮು ಬಿಟ್ಟು ಬೇರೆ ದಾರಿಯನ್ನೇ ಇಟ್ಟಿರುವುದಿಲ್ಲ.

ಸುಟ್ಟ ವಾಸನೆ ಬಂದರೆ ನಿಲ್ಲಿಸಲು ಜಾಗ ಬೇಕು, ಅದನ್ನೂ ನಕ್ಷೆಯಲ್ಲಿ ಮೊದಲೇ ಗುರುತು ಹಾಕಿಟ್ಟುಕೊಳ್ಳಬಹುದು. ರಸ್ತೆ ಯಾವ ಕಂದು ಗೆರೆಯನ್ನೂ ದಾಟದೆ ಒಂದೂವರೆ ಎರಡು ಸೆಂಟಿಮೀಟರ್ ಗೆರೆಯ ಪಕ್ಕದಲ್ಲೇ ಸಾಗಿದ್ದರೆ ಅಲ್ಲಿ ನೆಲ ಹೆಚ್ಚುಕಡಿಮೆ ಮಟ್ಟಸ. ಅಲ್ಲಿ ಬದಿಗೆ ನಿಲ್ಲಿಸಿ, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ಕಾದ ಡ್ರಮ್ಮಿನ ಮೇಲೆ ನೀರು ಹೊಯ್ಯಬೇಡಿ, ಬೀಡುಕಬ್ಬಿಣ ಒಮ್ಮೆಲೇ ತಣ್ಣಗಾದರೆ ಬಿರಿಯುತ್ತದೆ. ಚಕ್ರದ ಹತ್ತಿರ ಕೈ ಹಿಡಿದಾಗ ಝಳ ಬಡಿಯದಷ್ಟು ಆರಿದ ಮೇಲೆ, ನಿಂತಲ್ಲೇ ಒಮ್ಮೆ ಪೆಡಲು ಒತ್ತಿ ಅದು ಗಟ್ಟಿಯಾಗಿ ಎದುರು ನಿಲ್ಲುತ್ತದೆಯೇ ನೋಡಿ, ಎರಡನೇ ಗೇರಿನಲ್ಲಿ ಮುಂದಕ್ಕೆ ಹೊರಡಬಹುದು.